65 ಸೆಂಟಿಮೀಟರಿನ ಪಂದ್ಯದ ಹಾಯಿದೋಣಿ: ಗ್ರಾಂ ಲೆಕ್ಕದಿಂದ ಕೆರೆ ನೀರಿನವರೆಗೆ

ರೇಡಿಯೋ ನಿಯಂತ್ರಣದ ಪಂದ್ಯದ ಹಾಯಿದೋಣಿಗಳಲ್ಲಿ ಹಲವು ವರ್ಗಗಳಿವೆ. ಜಗತ್ತಿನಲ್ಲಿ ಹೆಚ್ಚು ಹೆಸರಾಗಿರುವುದು ಇಂಟರ್‌ನ್ಯಾಷನಲ್ ಒನ್ ಮೀಟರ್. ಹೆಸರೇ ಹೇಳುವಂತೆ ಅದರ ಒಡಲು ಒಂದು ಮೀಟರ್ ಉದ್ದ, ತೂಕ ಕನಿಷ್ಠ 4 ಕಿಲೋ. ಸ್ಕೂಟರ್ ಮೇಲೆ ಕೆರೆಗೆ ಒಯ್ಯುವವನಿಗೆ ಅದು ದೊಡ್ಡದಾಯಿತು. ನಾನು ಆರಿಸಿಕೊಂಡದ್ದು ಅರ್ಜೆಂಟೀನಾದಲ್ಲಿ ಹುಟ್ಟಿದ ಆರ್‌ಜಿ65 ವರ್ಗ. ಇದರ ಕಟ್ಟುಪಾಡು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ: ಒಂದೇ ಒಡಲು, ಉದ್ದ 650 ಮಿ.ಮೀ., ಹೆಚ್ಚುಕಡಿಮೆ 5 ಮಿ.ಮೀ.; ಎರಡೂ ಹಾಯಿ ಸೇರಿ 2250 ಚದರ ಸೆಂ.ಮೀ. ಮೀರಬಾರದು, ಡೆಕ್ಕಿನಿಂದ, ಅಂದರೆ ಒಡಲಿನ ಮೇಲ್ಮುಚ್ಚಳದಿಂದ, ಕಂಬದ ತುದಿಗೆ 1100 ಮಿ.ಮೀ. ದಾಟಬಾರದು. ಅಗಲ, ಆಳ, ತೂಕ ಕಟ್ಟುವವನಿಗೆ ಬಿಟ್ಟದ್ದು. ಇದೇ ಅಳತೆಯ ಸಿದ್ಧ ದೋಣಿಯೂ ಸಿಗುತ್ತದೆ, ಜಾಯ್ಸ್‌ವೇ ಕಂಪನಿಯ ಡ್ರ್ಯಾಗನ್ ಫೋರ್ಸ್ 65. ಬರೀ ಓಡಿಸುವ ಆಸೆ ಇದ್ದವರು ಅದನ್ನು ಕೊಂಡರೆ ತಪ್ಪಿಲ್ಲ. ಆದರೆ ಕಟ್ಟುಪಾಡು ಇಷ್ಟು ಸಡಿಲವಾಗಿರುವಾಗ ಒಡಲಿನ ಗೆರೆಗಳನ್ನು ನಾವೇ ಎಳೆಯದೆ ಬಿಡುವುದು ನನಗಂತೂ ಆಗದ ಮಾತು.

ಮೊದಲು ತಲೆಯಲ್ಲಿ ಕೂರಬೇಕಾದ ಸಂಗತಿ ಒಂದಿದೆ. ದೊಡ್ಡ ದೋಣಿಯ ನಕ್ಷೆಯನ್ನು ಕುಗ್ಗಿಸಿದರೆ ಮಾದರಿ ದೋಣಿ ಆಗುವುದಿಲ್ಲ. ಉದ್ದವನ್ನು ಅರ್ಧ ಮಾಡಿದಿರಿ ಅಂದುಕೊಳ್ಳಿ. ಹಾಯಿಯ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ, ಅದರ ಎತ್ತರ ಅರ್ಧವಾಗುತ್ತದೆ. ಹೀಗಾಗಿ ದೋಣಿಯನ್ನು ವಾಲಿಸುವ ಬಲ ಎಂಟನೇ ಒಂದು ಪಾಲು. ಆದರೆ ತೂಕವೂ ಎಂಟನೇ ಒಂದು ಪಾಲಾಗಿ, ಅದರ ಸನ್ನೆಯೂ ಅರ್ಧವಾಗುವುದರಿಂದ ನೆಟ್ಟಗೆ ನಿಲ್ಲಿಸುವ ಬಲ ಹದಿನಾರನೇ ಒಂದು ಪಾಲಿಗೆ ಇಳಿದಿರುತ್ತದೆ. ಗಾಳಿ ಮಾತ್ರ ಕುಗ್ಗುವುದಿಲ್ಲ. ಮನುಷ್ಯರು ಕೂರುವ ದೋಣಿಗೆ ಬೀಸುವ ಗಾಳಿಯೇ ಇದಕ್ಕೂ ಬೀಸುತ್ತದೆ. ಪಂದ್ಯದ ಮಾದರಿ ದೋಣಿಗಳ ಹೊಟ್ಟೆಯಡಿ ನೋಡಲು ವಿಚಿತ್ರವೆನಿಸುವಷ್ಟು ಉದ್ದದ ಫಿನ್ನು, ಅಂದರೆ ನೀರೊಳಗೆ ಇಳಿಬಿದ್ದ ತೆಳು ರೆಕ್ಕೆ, ಅದರ ತುದಿಗೆ ಬಲ್ಬು ಎನ್ನುವ ಸೀಸದ ಗುಂಡು ಇರುವುದು ಇದಕ್ಕೇ. ಒಟ್ಟು ತೂಕದ ಅರ್ಧ ಆ ಬಲ್ಬಿಗೇ ಹೋಗಬೇಕು. ಮಿಕ್ಕ ಅರ್ಧದಲ್ಲಿ ದೋಣಿ, ಕಂಬ, ಹಾಯಿ, ವಿದ್ಯುತ್ ಸಾಮಾನು ಎಲ್ಲ ಮುಗಿಯಬೇಕು.

ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ತಕ್ಕಡಿ ಹಿಡಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಒಂದು ಗ್ರಾಂವರೆಗೆ ತೋರಿಸಿದರೆ ಆಯಿತು. ನನ್ನ ತೂಕದ ಪಟ್ಟಿ ಹೀಗಿತ್ತು:

ಒಡಲು ಮತ್ತು ಡೆಕ್: 130 ಗ್ರಾಂ
ಫಿನ್ ಮತ್ತು ಚುಕ್ಕಾಣಿ: 57
ಸೀಸದ ಬಲ್ಬ್: 500
ಹಾಯಿ ಎಳೆಯುವ ಸರ್ವೋ (ರೇಡಿಯೋ ಆಜ್ಞೆಗೆ ತನ್ನ ಪುಟ್ಟ ಕೈ ತಿರುಗಿಸುವ ಯಂತ್ರ): 55
ಚುಕ್ಕಾಣಿಯ ಸರ್ವೋ: 13
ರಿಸೀವರ್: 15
ಬ್ಯಾಟರಿ, ನಾಲ್ಕು ಎಎಎ ಸೆಲ್: 50
ಸ್ವಿಚ್, ವೈರು: 12
ಕಂಬ, ಬೂಮ್ (ಹಾಯಿಯ ಬುಡದ ಅಡ್ಡಕಡ್ಡಿ), ಹಾಯಿ: 75
ಬಣ್ಣ, ಕೊಕ್ಕೆ, ದಾರ, ಚಿಲ್ಲರೆ: 30

ಒಟ್ಟು 937. ಒಂದು ಕಿಲೋಗೆ ದೋಣಿ ವಿನ್ಯಾಸ ಮಾಡಿದರೆ 63 ಗ್ರಾಂ ಕೈಯಲ್ಲಿ ಉಳಿಯುತ್ತದೆ. ಆ 63 ಗ್ರಾಂ ಅಂಟಿಗೆ ಹೋಗದಂತೆ ಕಾಯುವುದೇ ಮುಂದಿನ ಕೆಲಸದ ಸಾರ.

ಗೆರೆಗಳು

ಒಂದು ಕಿಲೋ ದೋಣಿ ಒಂದು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಅದರಲ್ಲಿ ಬಲ್ಬು, ಫಿನ್ನು, ಚುಕ್ಕಾಣಿಗಳೇ ಸುಮಾರು 110 ಮಿ.ಲೀ. ಸರಿಸುತ್ತವೆ. ಒಡಲಿನ ಪಾಲು 890. ಎರಡೂ ತುದಿಗೆ ಚೂಪಾಗುವ ಒಡಲಿನಲ್ಲಿ ಘನಗಾತ್ರವು, ನಡುವಿನ ಅಡ್ಡಕೊಯ್ತವನ್ನು ಉದ್ದದಿಂದ ಗುಣಿಸಿದ್ದರ ಸುಮಾರು 55 ಶೇಕಡ ಇರುತ್ತದೆ. ಹಿಂದಕ್ಕೆ ಲೆಕ್ಕ ಹಾಕಿದರೆ ನೀರಿನ ಕೆಳಗಿನ ನಡು ಅಡ್ಡಕೊಯ್ತ 25 ಚದರ ಸೆಂ.ಮೀ. ಬರುತ್ತದೆ. ಅಂಡಾಕಾರದ ಅರ್ಧ ಅಂದುಕೊಂಡರೆ ನೀರಿನ ಮಟ್ಟದಲ್ಲಿ 90 ಮಿ.ಮೀ. ಅಗಲ, 35 ಮಿ.ಮೀ. ಆಳ. ಹೀಗೆ ಅಡ್ಡಕೊಯ್ತ ಬರೆಯುವ ಜಾಗಗಳಿಗೆ ಸ್ಟೇಷನ್ ಎನ್ನುತ್ತಾರೆ; ಮೂತಿಯದನ್ನು ಸೊನ್ನೆ ಎಂದು ಎಣಿಸಿದರೆ ಇದೇ ನನ್ನ ಐದನೇ ಸ್ಟೇಷನ್. ಡೆಕ್ಕಿನ ಮಟ್ಟದಲ್ಲಿ 112 ಮಿ.ಮೀ.ಗೆ ಅಗಲಿಸಿದೆ, ವಾಲಿದಾಗ ಸ್ವಲ್ಪ ಆಸರೆ ಸಿಗಲೆಂದು.

ತಳವನ್ನು ದುಂಡಗೆ ಇಟ್ಟಿದ್ದೇನೆ. ಮಂದಗಾಳಿಯಲ್ಲಿ ದೋಣಿಯನ್ನು ಹಿಡಿದೆಳೆಯುವುದು ಮುಖ್ಯವಾಗಿ ನೀರಿನ ಉಜ್ಜುವಿಕೆ; ಅಷ್ಟೇ ನೀರು ಸರಿಸುವ ಆಕಾರಗಳಲ್ಲಿ ದುಂಡನೆಯದಕ್ಕೆ ಒದ್ದೆಯಾಗುವ ಮೈ ಕಡಿಮೆ. ವೇಗ ಹೆಚ್ಚಿದಂತೆ ದೋಣಿ ತಾನೇ ಎಬ್ಬಿಸಿದ ಅಲೆ ಅಡ್ಡ ಬರುತ್ತದೆ. 65 ಸೆಂ.ಮೀ. ಉದ್ದದ ಅಲೆ ನೀರಿನ ಮೇಲೆ ಓಡುವ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ ಸರಿಯಾಗಿ ಒಂದು ಮೀಟರ್. ದೋಣಿ ಆ ವೇಗ ಮುಟ್ಟಿದಾಗ ಒಂದು ಅಲೆ ಮೂತಿಯಲ್ಲಿ, ಮುಂದಿನದು ಹಿಂತುದಿಯಲ್ಲಿ ನಿಲ್ಲುತ್ತದೆ. ಗಾಳಿ ಬೆನ್ನಿಗಿದ್ದಾಗ ಅದನ್ನು ದಾಟಬೇಕಾದರೆ ಒಡಲು ಸಪೂರವಾಗಿರಬೇಕು, ಹಿಂಭಾಗ ಚಪ್ಪಟೆಯಾಗಿ ಮುಗಿಯಬೇಕು.

ಮೂತಿಯ ವಿಷಯದಲ್ಲಿ ಬಹಳ ಹೊತ್ತು ಕೂತೆ. ಗಾಳಿ ಬೆನ್ನಿಗಿದ್ದಾಗ ಎತ್ತರದ ಹಾಯಿ ದೋಣಿಯ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಚೂಪು ಮೂತಿ ನೀರಿಗೆ ಹೊಕ್ಕಿತೆಂದರೆ ಚುಕ್ಕಾಣಿ ಮೇಲೆದ್ದು ಹಿಡಿತ ತಪ್ಪುತ್ತದೆ. ಹಾಗಾಗಿ ನೀರಿನ ಮಟ್ಟದಲ್ಲಿ ಕತ್ತಿಯಂತೆ ತೆಳ್ಳಗಿಟ್ಟು, ಮೇಲೆ ಹೋದಂತೆ ಗಾತ್ರ ಹೆಚ್ಚಿಸಿದೆ. ಡೆಕ್ಕಿನ ಮುಂಭಾಗಕ್ಕೆ ನಡುವೆ ಏರು ಕೊಟ್ಟೆ. ಮುಳುಗಿದರೂ ನೀರು ಎರಡೂ ಬದಿಗೆ ಜಾರಿ, ಮೂತಿ ಬೇಗ ಮೇಲೇಳುತ್ತದೆ.

ಗೆರೆಗಳನ್ನು ತಿದ್ದಲು ಡೆಲ್ಫ್ಟ್‌ಶಿಪ್ ಎಂಬ ದೋಣಿ ವಿನ್ಯಾಸದ ತಂತ್ರಾಂಶ ಬಳಸಿದೆ. ಅದರ ಉಚಿತ ಆವೃತ್ತಿಯೇ ಇಷ್ಟು ಕೆಲಸಕ್ಕೆ ಧಾರಾಳ. ತೇಲುಬಲದ ಕೇಂದ್ರ ಮೂತಿಯಿಂದ 345 ಮಿ.ಮೀ. ಬಳಿ ಬರುವಂತೆ ನೋಡಿಕೊಂಡೆ, ಅಂದರೆ ನಡುವಿಗಿಂತ ತುಸು ಹಿಂದೆ.

ಇಲ್ಲಿಯವರೆಗಿನದು ಎಲ್ಲಿ ಕಟ್ಟಿದರೂ ಒಂದೇ. ಫಿನ್ನಿನ ಆಕಾರ ಮಾತ್ರ ನಮ್ಮ ಉಣಕಲ್ ಕೆರೆಗೆಂದೇ ಮಾಡಿದ್ದು. ಹುಬ್ಬಳ್ಳಿ, ಧಾರವಾಡದ ಗಾಳಿಯ ಬಗ್ಗೆ ಇಲ್ಲಿಯವರಿಗೆ ಹೇಳಬೇಕಿಲ್ಲ. ಮುಂಗಾರಿನಲ್ಲಿ ಪಡುವಣ ಗಾಳಿ ದಿನವಿಡೀ ಬೀಸುತ್ತದೆ. ಗಾಳಿ ಬೀಸಿದಾಗ ಅಂತರಗಂಗೆಯ ತುಂಡುಗಳೂ ತೇಲಿ ಬರುತ್ತವೆ. ನೇರ ಕೆಳಗಿಳಿದ ಫಿನ್ನಿಗೆ ಅದರ ಬೇರು ತಗುಲಿದರೆ ಅಲ್ಲೇ ನಿಲ್ಲುತ್ತದೆ, ದೋಣಿ ಅದನ್ನು ಎಳೆದುಕೊಂಡೇ ಹೋಗಬೇಕು. ಫಿನ್ನನ್ನು 10 ಡಿಗ್ರಿ ಹಿಂದಕ್ಕೆ ವಾಲಿಸಿದರೆ ಸಣ್ಣ ಎಳೆಗಳು ಜಾರಿ ಕೆಳಗೆ ಹೋಗುತ್ತವೆ. 300 ಮಿ.ಮೀ. ಉದ್ದದ ಫಿನ್ನಿನ ತುದಿ ಇದರಿಂದ 53 ಮಿ.ಮೀ. ಹಿಂದೆ ಸರಿಯುತ್ತದೆ. ಬಲ್ಬು ತನ್ನ ಜಾಗದಲ್ಲೇ ಇರಬೇಕಾದ್ದರಿಂದ ಬುಡವನ್ನು ಅಷ್ಟು ಮುಂದಕ್ಕೆ ಒಯ್ದೆ.

ಒಡಲು

ಹನ್ನೊಂದು ಸ್ಟೇಷನ್‌ಗಳ ಆಕಾರವನ್ನು ಪೂರ್ಣ ಅಳತೆಯಲ್ಲಿ ಕಾಗದಕ್ಕೆ ಮುದ್ರಿಸಿ, 4 ಮಿ.ಮೀ. ಎಂಡಿಎಫ್ ಹಲಗೆಗೆ ಅಂಟಿಸಿ, ಜಿಗ್‌ಸಾದಲ್ಲಿ ಕತ್ತರಿಸಿದೆ. ಇವುಗಳ ಮೇಲೆ ಕೂರುವ ಬಾಲ್ಸಾ ಪಟ್ಟಿಯ ದಪ್ಪ 2 ಮಿ.ಮೀ. ಆದ್ದರಿಂದ ಒಳಗೆರೆಯ ಮೇಲೆ ಕತ್ತರಿಸಬೇಕು, ಹೊರಗೆರೆಯ ಮೇಲಲ್ಲ. 65 ಮಿ.ಮೀ.ಗೆ ಒಂದರಂತೆ ಅವನ್ನು ನೆಟ್ಟಗಿನ ಹಲಗೆಯ ಮೇಲೆ ಬೋರಲಾಗಿ ನಿಲ್ಲಿಸಿದೆ. ಈ ಬುಡದ ಹಲಗೆ ಸೊಟ್ಟಗಿದ್ದರೆ ದೋಣಿ ಜೀವನಪೂರ್ತಿ ಸೊಟ್ಟ. ಹಳೆಯ ಲ್ಯಾಮಿನೇಟ್ ಕಪಾಟಿನ ದಪ್ಪ ಹಲಗೆ ಸಿಕ್ಕಿತು. ದಾರ ಬಿಗಿದು ನೋಡಿದೆ, ನೆಟ್ಟಗಿತ್ತು.

ಬಾಲ್ಸಾ ಮರ ಹುಬ್ಬಳ್ಳಿಯಲ್ಲಿ ಸಿಗಲಿಲ್ಲ, ಬೆಂಗಳೂರಿನ ಏರೋಮಾಡೆಲಿಂಗ್ ಅಂಗಡಿಯಿಂದ ತರಿಸಿದೆ. 2 ಮಿ.ಮೀ. ಹಾಳೆಗಳನ್ನು ತೂಗಿ, ಹಗುರವಾದವನ್ನು ಬೇರೆ ಮಾಡಿ, 8 ಮಿ.ಮೀ. ಅಗಲದ ಪಟ್ಟಿ ಕೊಯ್ದೆ. ಹಗುರ ಪಟ್ಟಿ ಎರಡೂ ತುದಿಗೆ, ಗಟ್ಟಿ ಪಟ್ಟಿ ನಡುವಿಗೆ. ತುದಿಗಳು ಹಗುರವಾಗಿದ್ದಷ್ಟೂ ದೋಣಿ ಅಲೆಯ ಮೇಲೆ ತೂಗಾಡುವುದು ಕಡಿಮೆ. ಪಟ್ಟಿಗಳು ಅಚ್ಚಿಗೆ ಅಂಟಿಕೊಳ್ಳದಂತೆ ಪ್ರತಿ ಸ್ಟೇಷನ್ನಿನ ಅಂಚಿಗೆ ಸೆಲ್ಲೋಟೇಪ್ ಸುತ್ತಿ, ಡೆಕ್ಕಿನ ಅಂಚಿನಿಂದ ಶುರು ಮಾಡಿ ನಡುತಳದ ಕಡೆ ಬಂದೆ. ಪಟ್ಟಿಗಳ ನಡುವೆ ಫೆವಿಕಾಲ್ ಮರೀನ್ ಹಚ್ಚಿ, ಬಣ್ಣದ ಗುಂಡುಪಿನ್ನಿನಲ್ಲಿ ಹಿಡಿಸಿದೆ. ಫೆವಿಕ್ವಿಕ್ ಬೇಗ ಹಿಡಿಯುತ್ತದೆ ನಿಜ; ಆದರೆ ಅದು ಬಾಲ್ಸಾಕ್ಕಿಂತ ಎಷ್ಟೋ ಗಟ್ಟಿ. ಮರಳುಕಾಗದ ತಿಕ್ಕುವಾಗ ಮರ ಸವೆದು ಅಂಟಿನ ಗೆರೆ ಏರಿಯಂತೆ ಉಳಿಯುತ್ತದೆ. ಬೇಕೇಬೇಕಾದ ಕಡೆ ಒಳಗಿನಿಂದ ಒಂದು ಹನಿ ಬಿಡಬಹುದು.

ತಿಕ್ಕುವುದಕ್ಕೆ ಉದ್ದನೆಯ ಬಾಗುವ ಪಟ್ಟಿಗೆ ಮರಳುಕಾಗದ ಅಂಟಿಸಿಕೊಳ್ಳಿ. ಬೆರಳಿನಿಂದ ತಿಕ್ಕಿದರೆ ತಗ್ಗು ಬೀಳುತ್ತದೆ. ಸಂಜೆ ಕತ್ತಲಲ್ಲಿ ಒಡಲಿನ ಪಕ್ಕಕ್ಕೆ ಟಾರ್ಚ್ ಹಿಡಿದು ನೋಡಿದರೆ ಹಗಲಲ್ಲಿ ಕಾಣದ ಏರುತಗ್ಗೆಲ್ಲ ನೆರಳಾಗಿ ಕಾಣುತ್ತದೆ.

ಮೇಲಿನ ಹೊದಿಕೆಗೆ ಗ್ಲಾಸ್ ಬಟ್ಟೆ. ಊರಿನ ಎಫ್‌ಆರ್‌ಪಿ (ಫೈಬರ್ ಗ್ಲಾಸ್ ಸಾಮಾನಿನ) ಅಂಗಡಿಯಲ್ಲಿ ಸಿಗುವುದು ಚದರ ಮೀಟರಿಗೆ 200 ಗ್ರಾಂ ಮತ್ತು ಅದಕ್ಕೂ ದಪ್ಪದ್ದು, ನೀರಿನ ಟ್ಯಾಂಕಿಗೆ ತಕ್ಕದ್ದು. ಈ ಒಡಲಿನ ಮೈ ಸುಮಾರು 0.1 ಚದರ ಮೀಟರ್. ಬಟ್ಟೆಯ ತೂಕದಷ್ಟೇ ಅಂಟನ್ನೂ ಅದು ಕುಡಿಯುತ್ತದೆ. ಒಳಗೂ ಹೊರಗೂ 200 ಗ್ರಾಂ ಬಟ್ಟೆ ಹಾಕಿದರೆ 80 ಗ್ರಾಂ ಹೋಯಿತು. 49 ಗ್ರಾಂ ಬಟ್ಟೆಗೆ 20 ಗ್ರಾಂ ಸಾಕು. ಬಾಲ್ಸಾ ಜೊತೆಗೇ ತರಿಸಿದ ಈ ತೆಳು ಬಟ್ಟೆ ಕೈಯಲ್ಲಿ ಹಿಡಿದರೆ ಮಲ್‌ಮಲ್‌ಗಿಂತ ನಯ. ಅಂಟು ಎಪಾಕ್ಸಿಯೇ ಇರಲಿ. ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದರೆ ಮರಕ್ಕೆ ಅದರ ಹಿಡಿತ ಕಡಿಮೆ, ಮುಂದೆ ಥರ್ಮಾಕೋಲ್ ತುಂಬುವಾಗ ಅದನ್ನು ಕರಗಿಸಿಬಿಡುತ್ತದೆ.

ಬೇಸಿಗೆಯಲ್ಲಿ ಎಪಾಕ್ಸಿ ಕೆಲಸಕ್ಕೆ ಬೆಳಗಿನ ಹೊತ್ತೇ ಸರಿ. ಬಿಸಿ 10 ಡಿಗ್ರಿ ಏರಿದರೆ ಕಲಸಿದ ಅಂಟು ಗಟ್ಟಿಯಾಗುವ ಸಮಯ ಅರ್ಧಕ್ಕೆ ಇಳಿಯುತ್ತದೆ. ಬಟ್ಟಲಿನಲ್ಲಿ ರಾಶಿಯಾಗಿದ್ದರೆ ತಾನೇ ಬಿಸಿಯಾಗಿ ಇನ್ನೂ ಬೇಗ. ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿಕೊಂಡೆ. ಬಟ್ಟೆಯನ್ನು ಒಣಗಿದ್ದಾಗಲೇ ಒಡಲಿನ ಮೇಲೆ ಹಾಸಿ, ನಡುವಿನಿಂದ ಅಂಚಿಗೆ ಹಳೆಯ ಎಟಿಎಂ ಕಾರ್ಡಿನಲ್ಲಿ ಎಳೆದೆ. ಕಾರ್ಡಿಗೆ ಬಂದ ಹೆಚ್ಚುವರಿ ಅಂಟನ್ನು ಟಿಶ್ಯೂಗೆ ಒರೆಸುತ್ತಾ ಹೋಗಬೇಕು. ಬಟ್ಟೆಯ ನೇಯ್ಗೆ ಕಾಣುವಂತಿದ್ದರೆ ಅಂಟು ಸರಿಯಾಗಿದೆ, ಹೊಳೆಯುತ್ತಿದ್ದರೆ ಹೆಚ್ಚಾಗಿದೆ. ಅಚ್ಚಿನಿಂದ ಬಿಡಿಸಿ ಒಳಮೈಗೂ ಹೊದಿಸಿ, ಅಂಚು ಕತ್ತರಿಸಿ ತೂಗಿದಾಗ 68 ಗ್ರಾಂ. ಡೆಕ್, ಫಿನ್ ಪೆಟ್ಟಿಗೆ, ಕಂಬದ ಕೊಳವೆ ಎಲ್ಲ ಸೇರಿ 124ಕ್ಕೆ ನಿಂತಿತು.

ಫಿನ್ ಪೆಟ್ಟಿಗೆ ಅಂದರೆ ಫಿನ್ನಿನ ಬುಡ ಕೂರುವ ಗೂಡು. ಅದು ತಳದಿಂದ ಡೆಕ್ಕಿನವರೆಗೆ ಪೂರ್ತಿ ಎತ್ತರ ಇರಬೇಕು. ದೋಣಿ ಪೂರ್ತಿ ಮಲಗಿದಾಗ ಅರ್ಧ ಕಿಲೋ ಸೀಸ 30 ಸೆಂ.ಮೀ. ದೂರದಿಂದ ತಳವನ್ನು ಮೀಟುತ್ತದೆ. ಆ ಮೀಟನ್ನು ಬರೀ ತಳ ತಡೆಯಲಾರದು, ಡೆಕ್ಕೂ ಹೆಗಲು ಕೊಡಬೇಕು. ಕಂಬದ ಕೊಳವೆಯನ್ನು ಈ ಪೆಟ್ಟಿಗೆಯ ಮುಂಗೋಡೆಗೇ ಕಾರ್ಬನ್ ದಾರ ಸುತ್ತಿ ಕಟ್ಟಿದ್ದೇನೆ. ಹಾಯಿಯ ಬಲ, ಸೀಸದ ಬಲ ಎರಡೂ ಒಂದೇ ಜಾಗದಲ್ಲಿ ಎದುರಾಗುವುದರಿಂದ ಉಳಿದ ಒಡಲು ತೆಳ್ಳಗಿದ್ದರೂ ನಡೆಯುತ್ತದೆ.

ಸೀಸ

ಬಲ್ಬಿಗೆ ಸೀಸ ಟೈರ್ ಅಂಗಡಿಯಿಂದ. ಚಕ್ರದ ಬ್ಯಾಲೆನ್ಸಿಂಗ್‌ಗೆ ಹಾಕುವ ತುಂಡುಗಳ ಹಳೆಯ ರಾಶಿ ಅವರಲ್ಲಿ ಇರುತ್ತದೆ. ಈಗ ಸತು, ಕಬ್ಬಿಣದವೂ ಬರುತ್ತವೆ, ಆರಿಸಿ ತರಬೇಕು. ಅಯಸ್ಕಾಂತಕ್ಕೆ ಹಿಡಿದದ್ದು ಕಬ್ಬಿಣ. ಚಾಕು ಸುಲಭವಾಗಿ ಕೊರೆದರೆ ಸೀಸ, ಜಾರಿದರೆ ಸತು. ಹಳೆಯ ಕಾರ್ ಬ್ಯಾಟರಿ ಒಡೆದು ಸೀಸ ತೆಗೆಯುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬಿಟ್ಟುಬಿಡಿ, ಅದರ ಆಮ್ಲ ಮತ್ತು ಹೊಗೆ ಮನೆಯಲ್ಲಿ ಮಾಡುವ ಕೆಲಸಕ್ಕೆ ಹೇಳಿದ್ದಲ್ಲ.

500 ಗ್ರಾಂಗೆ ಸುಮಾರು 45 ಘನ ಸೆಂ.ಮೀ. ಬೇಕು. 150 ಮಿ.ಮೀ. ಉದ್ದ, ದಪ್ಪ ಇರುವಲ್ಲಿ 25 ಮಿ.ಮೀ. ವ್ಯಾಸದ ಟಾರ್ಪಿಡೊ ಆಕಾರಕ್ಕೆ ಸರಿಹೊಂದುತ್ತದೆ. ಮರದಲ್ಲಿ ಮಾದರಿ ತಿರುವಿಸಿ, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಡು ಭಾಗದ ಅಚ್ಚು ಮಾಡಿದೆ. ಫಿನ್ನಿನ ತುದಿ ಕೂರುವ ಸೀಳಿಗೆ ಎರಕದ ಹೊತ್ತಿನಲ್ಲೇ ಒಂದು ಅಲ್ಯುಮಿನಿಯಂ ಪಟ್ಟಿ ಇಟ್ಟಿದ್ದರೆ ಆಮೇಲೆ ಕೊರೆಯುವ ಕೆಲಸ ತಪ್ಪುತ್ತದೆ.

ಅಚ್ಚು ಒಣಗಿಸುವುದರಲ್ಲಿ ಅವಸರ ಸಲ್ಲದು. ಸೀಸ ಕರಗುವುದು 327 ಡಿಗ್ರಿಯಲ್ಲಿ. ಅಚ್ಚಿನಲ್ಲಿ ಒಂದಿಷ್ಟು ತೇವ ಇದ್ದರೂ ಅದು ಕ್ಷಣದಲ್ಲಿ ಆವಿಯಾಗಿ ಕಾದ ಸೀಸವನ್ನು ಮುಖಕ್ಕೆ ಎರಚುತ್ತದೆ. ಬಿಸಿಲಿನಲ್ಲಿ ದಿನಗಟ್ಟಲೆ ಒಣಗಿಸಿ, ಆಮೇಲೆ ಹಳೆಯ ಓವನ್ನಿನಲ್ಲಿ ಸಣ್ಣ ಉರಿಗೆ ಇಟ್ಟು, ತಣ್ಣನೆಯ ಗಾಜನ್ನು ಅಚ್ಚಿನ ಮೇಲೆ ಹಿಡಿದು ಮಂಜು ಕಟ್ಟುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಸುರಿದೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಮುಖಕ್ಕೆ ಗುರಾಣಿ, ಚರ್ಮದ ಕೈಗವಸು, ಮೂಗಿಗೆ ಸರಿಯಾದ ರೆಸ್ಪಿರೇಟರ್. ಕರಗಿಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಮಕ್ಕಳು ಹತ್ತಿರ ಇರುವ ಮನೆಯಲ್ಲಿ ಇದನ್ನು ಮಾಡಲೇಬೇಡಿ. ಸೀಸದ ಹಾಳೆ ಸುತ್ತಿ, ಬಡಿದು ಆಕಾರ ಕೊಡುವ ದಾರಿ ಇದೆ. ಆ ಕೆಲಸಕ್ಕೂ ಕೈಗವಸು ಬೇಕು.

ಬಲ್ಬು 506 ಗ್ರಾಂ ಬಂತು. ಅರದಿಂದ ನಯ ಮಾಡುವಷ್ಟರಲ್ಲಿ 501. ತಿಕ್ಕುವಾಗ ನೀರು ಹಚ್ಚಿಕೊಂಡೇ ತಿಕ್ಕಿದೆ, ಪುಡಿ ಹಾರದಂತೆ.

ಫಿನ್ನು ಬುಡದಲ್ಲಿ 65, ತುದಿಯಲ್ಲಿ 55 ಮಿ.ಮೀ. ಅಗಲ, ದಪ್ಪ 5 ಮಿ.ಮೀ. ಇಷ್ಟು ಸಣ್ಣ ಅಗಲಕ್ಕೆ, ಇಷ್ಟು ನಿಧಾನದ ವೇಗಕ್ಕೆ ದಪ್ಪನೆಯ ಅಡ್ಡಕೊಯ್ತದ ರೆಕ್ಕೆ ಆಗುವುದಿಲ್ಲ. ನೀರು ಮೈಗೆ ಅಂಟಿಕೊಂಡು ಹರಿಯದೆ ಹಿಂಭಾಗದಲ್ಲಿ ಬಿಟ್ಟುಹೋಗುತ್ತದೆ. ಅಗಲದ 8 ಶೇಕಡ ದಪ್ಪ ಸಾಕು. ಬಾಲ್ಸಾ ತಿರುಳಿನ ಎರಡೂ ಬದಿಗೆ ಕಾರ್ಬನ್ ಪಟ್ಟಿ ಹುದುಗಿಸಿ, ಅದರ ಮೇಲೆ ಆ ಎಫ್‌ಆರ್‌ಪಿ ಅಂಗಡಿಯ 200 ಗ್ರಾಂ ಬಟ್ಟೆಯನ್ನೇ ಓರೆಯಾಗಿ ಹೊದಿಸಿ, ಎರಡು ಗಾಜಿನ ನಡುವೆ ಒತ್ತಿಟ್ಟೆ. ಎಳೆಗಳು 45 ಡಿಗ್ರಿಯಲ್ಲಿದ್ದರೆ ಫಿನ್ನು ತಿರುಚುವುದಿಲ್ಲ.

ಕೈ ಉದ್ದ, ದಾರದ ಉದ್ದ

ಚಾನೆಲ್ ಎರಡೇ: ಒಂದು ಚುಕ್ಕಾಣಿಗೆ, ಒಂದು ಎರಡೂ ಹಾಯಿಗೆ ಸೇರಿ. ಟ್ರಾನ್ಸ್‌ಮಿಟರ್ ಫ್ಲೈಸ್ಕೈ ಐ6, 2.4 ಗಿಗಾಹರ್ಟ್ಸ್. ಈ ಅಲೆಗಳು ನೀರನ್ನು ಹಾಯುವುದಿಲ್ಲ, ಆದ್ದರಿಂದ ರಿಸೀವರಿನ ಆಂಟೆನಾ ತುದಿಗಳನ್ನು ಡೆಕ್ಕಿನ ಒಳಮೈಗೆ, ಎಷ್ಟು ಎತ್ತರಕ್ಕೆ ಸಾಧ್ಯವೋ ಅಷ್ಟು ಎತ್ತರಕ್ಕೆ, ಒಂದಕ್ಕೊಂದು ಅಡ್ಡವಾಗಿ ಅಂಟಿಸಿದೆ. ಚುಕ್ಕಾಣಿಗೆ ಎಂಜಿ90ಎಸ್, ಹಾಯಿಗೆ ಎಂಜಿ996ಆರ್ ಸರ್ವೋ. ರೋಬಾಟಿಕ್ಸ್ ಹುಡುಗರಿಗೆಲ್ಲ ಗೊತ್ತಿರುವ, ಸುಲಭವಾಗಿ ಸಿಗುವ ಸಾಮಾನು.

ಬೂಮಿಗೆ ದಾರ ಕಟ್ಟಿರುವುದು ಕಂಬದಿಂದ 100 ಮಿ.ಮೀ. ಹಿಂದೆ. ಬೂಮ್ 80 ಡಿಗ್ರಿ ತೆರೆಯಬೇಕಾದರೆ 129 ಮಿ.ಮೀ. ದಾರ ಬಿಡಬೇಕು. 90 ಡಿಗ್ರಿ ತಿರುಗುವ ಸರ್ವೋಗೆ 45 ಮಿ.ಮೀ. ಕೈ ಹಾಕಿದರೆ ತುದಿ 64 ಮಿ.ಮೀ. ಮಾತ್ರ ಸರಿಯುತ್ತದೆ. ದಾರವನ್ನು ಕೈಯ ತುದಿಯ ಉಂಗುರದಲ್ಲಿ ಸುತ್ತಿ ವಾಪಸು ತಂದು ಒಡಲಿಗೇ ಕಟ್ಟಿದರೆ ಅದು ಎರಡರಷ್ಟಾಗಿ 127. ಬಲವೂ ಎರಡರಷ್ಟು ಬೇಕಾಗುತ್ತದೆ. ಸೆಕೆಂಡಿಗೆ 5 ಮೀಟರ್ ಗಾಳಿಯಲ್ಲಿ ಎರಡೂ ಹಾಯಿಯ ಎಳೆತ ಲೆಕ್ಕ ಹಾಕಿದರೆ ಸರ್ವೋ ಮೇಲೆ ಸುಮಾರು 4 ಕಿಲೋ-ಸೆಂ.ಮೀ. ತಿರುಗುಬಲ ಬೀಳುತ್ತದೆ. ಈ ಸರ್ವೋ 9ರ ಮೇಲೆ ಎಳೆಯುತ್ತದೆ, ತೊಂದರೆಯಿಲ್ಲ. ದಾರಕ್ಕೆ ಹೆಣೆದ ಮೀನುಗಾಳದ ದಾರ. ನೈಲಾನ್ ನೀರು ಕುಡಿದು ಉದ್ದವಾಗುತ್ತದೆ, ಇದು ಆಗುವುದಿಲ್ಲ.

ಚುಕ್ಕಾಣಿಯ ಕಡ್ಡಿ ಹಾಯುವ ಹಿತ್ತಾಳೆ ಕೊಳವೆಯನ್ನು ಡೆಕ್ಕಿನವರೆಗೆ ಎತ್ತರಿಸಿ. ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಸೀಲ್, ಗ್ರೀಸ್ ಯಾವುದೂ ಬೇಡ.

ಕಂಬ ಮತ್ತು ಹಾಯಿ

ಕಂಬ 6 ಮಿ.ಮೀ. ಹೊರವ್ಯಾಸ, 4 ಮಿ.ಮೀ. ಒಳವ್ಯಾಸದ ಕಾರ್ಬನ್ ಕೊಳವೆ. ಒಂದು ಮೀಟರಿನ ತುಂಡುಗಳೇ ಸಿಗುವುದರಿಂದ ಬುಡಕ್ಕೆ 4 ಮಿ.ಮೀ. ಕಡ್ಡಿ ಸೇರಿಸಿ ಉದ್ದ ಮಾಡಿಕೊಂಡೆ. ಜೋಡಣೆಯ ತೂಕ ಕೆಳಗೇ ಇರಲಿ ಎಂದು ಬುಡಕ್ಕೆ. ಕಂಬದ ತುದಿಯಲ್ಲಿ ಹೆಚ್ಚಾದ 10 ಗ್ರಾಂ, ಬಲ್ಬಿನ ಸುಮಾರು 35 ಗ್ರಾಂ ಮಾಡುವ ಕೆಲಸವನ್ನು ತಿಂದುಹಾಕುತ್ತದೆ. ತುದಿಗೆ ಲೋಹದ ಕೊಕ್ಕೆ ಹಾಕದೆ, ಕೊಳವೆಯಲ್ಲಿ ತೂತು ಕೊರೆದು ದಾರವನ್ನೇ ಹಾಯಿಸಿ ಕಟ್ಟಿದ್ದು ಇದಕ್ಕೆ.

ಈ ಕೆಲಸದಲ್ಲೆಲ್ಲ ನನಗೆ ಹೆಚ್ಚು ಖುಷಿ ಕೊಟ್ಟದ್ದು ಹಾಯಿ. ಚಪ್ಪಟೆ ಹಾಳೆ ಹಾಯಿಯಾಗುವುದಿಲ್ಲ, ಅದಕ್ಕೆ ಹೊಟ್ಟೆ ಬೇಕು, ಆ ಹೊಟ್ಟೆ ಇರಬೇಕಾದ ಜಾಗದಲ್ಲೇ ಇರಬೇಕು. 50 ಮೈಕ್ರಾನ್ ಪಾಲಿಯೆಸ್ಟರ್ ಡ್ರಾಫ್ಟಿಂಗ್ ಫಿಲ್ಮ್ ತಂದೆ, ಹಿಂದೆ ಇಂಜಿನಿಯರಿಂಗ್ ನಕ್ಷೆಗೆ ಬಳಸುತ್ತಿದ್ದದ್ದು. ಮುಖ್ಯ ಹಾಯಿ ನಾಲ್ಕು ತುಂಡು, ಮೂರು ಜೋಡಣೆ. ಪ್ರತಿ ಜೋಡಣೆಯಲ್ಲಿ ಒಂದು ತುಂಡಿನ ಅಂಚು ನೇರ, ಇನ್ನೊಂದರ ಅಂಚು ತುಸು ಬಾಗಿದ್ದು. ಬಾಗು ಎಷ್ಟೆಂದರೆ ಅತಿ ಹೆಚ್ಚಿರುವಲ್ಲಿ ಒಂದೂವರೆ ಮಿ.ಮೀ., ಅದೂ ಮುಂದಂಚಿನಿಂದ ಅಗಲದ 40 ಶೇಕಡದಲ್ಲಿ. 6 ಮಿ.ಮೀ. ಎರಡುಮುಖದ ಟೇಪಿನಿಂದ ನೇರ ಅಂಚಿಗೆ ಬಾಗಿದ ಅಂಚನ್ನು ಸ್ವಲ್ಪಸ್ವಲ್ಪವೇ ಕೂರಿಸುತ್ತಾ ಹೋದಂತೆ ಹಾಳೆ ಮೇಜಿನ ಮೇಲೆ ಮಲಗಲು ಒಲ್ಲದೆ ಉಬ್ಬಿಕೊಳ್ಳುತ್ತದೆ. ರವಿಕೆ ಹೊಲಿಯುವವರು ಡಾರ್ಟ್ ಹಿಡಿಯುವುದೂ ಇದೇ ಲೆಕ್ಕ. ಬಾಗು ಗೆರೆಗೆ ಪ್ಲಾಸ್ಟಿಕ್ ಸ್ಕೇಲನ್ನು ಮೂರು ಮೊಳೆಗಳ ನಡುವೆ ಬಗ್ಗಿಸಿ ಇಟ್ಟು, ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಿದೆ.

ಮುಖ್ಯ ಹಾಯಿ 1440, ಮುಂಹಾಯಿ 800, ಒಟ್ಟು 2240 ಚದರ ಸೆಂ.ಮೀ. ಮುಂಹಾಯಿಯ ಬೂಮನ್ನು ಅದರ ಉದ್ದದ ಕಾಲು ಭಾಗದಲ್ಲಿ ಡೆಕ್ಕಿಗೆ ಕಟ್ಟಿದೆ. ಕಟ್ಟಿನ ಮುಂದಿನ ತುಂಡು ಹಿಂದಿನದನ್ನು ಸಮತೂಗಿಸುವುದರಿಂದ ದಾರದ ಮೇಲಿನ ಎಳೆತ ಕಡಿಮೆ. ಬೀಸು ಬಂದಾಗ ಬೂಮಿನ ಹಿಂಭಾಗ ತುಸು ಎದ್ದು ಹಾಯಿ ಮೇಲ್ಭಾಗದಲ್ಲಿ ಗಾಳಿ ಬಿಟ್ಟುಕೊಡುತ್ತದೆ. ನೀರಿನ ಹತ್ತಿರ ಗಾಳಿ ಮೆಲ್ಲಗಿದ್ದು ಒಂದು ಮೀಟರ್ ಮೇಲೆ ಹೋಗುವಷ್ಟರಲ್ಲಿ ಸಾಕಷ್ಟು ಜೋರಾಗುತ್ತದೆ. ಆದ್ದರಿಂದ ಹಾಯಿಯ ತುದಿ ಬುಡಕ್ಕಿಂತ ಹೆಚ್ಚು ತೆರೆದುಕೊಂಡಿರಬೇಕು, ಬಿಗಿಯಾಗಿ ಎಳೆದ ಹಿಂದಂಚು ನೋಡಲು ಚೆಂದ, ಓಡಲು ಅಲ್ಲ.

ನೀರಿಗೆ

ಡೆಕ್ ಮುಚ್ಚುವ ಮೊದಲೇ ಮನೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ತೇಲಿಸಿ, ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಸಮ ಮಾಡಿದೆ. ಎಲ್ಲ ಸೇರಿ ತೂಕ 962 ಗ್ರಾಂ. ಡೆಕ್ ಮುಚ್ಚುವಾಗ ಮೂತಿಗೂ ಹಿಂತುದಿಗೂ ಥರ್ಮಾಕೋಲ್ ತುಂಬುವುದನ್ನು ಬಿಡಬೇಡಿ. ಒಡಲಿಗೆ ಪೂರ್ತಿ ನೀರು ಹೊಕ್ಕರೂ ಸೀಸದ ಮುಳುಗಿದ ತೂಕ 455 ಗ್ರಾಂ, ವಿದ್ಯುತ್ ಸಾಮಾನು 70ರಷ್ಟು. ಬಾಲ್ಸಾ ಸ್ವಲ್ಪ ಎತ್ತುತ್ತದೆ. ಅರ್ಧ ಲೀಟರ್ ಗಾತ್ರದ ಥರ್ಮಾಕೋಲ್ ಇದ್ದರೆ ದೋಣಿ ಕೆರೆಯ ತಳ ಸೇರುವುದಿಲ್ಲ. ಬಣ್ಣ ಕಿತ್ತಳೆ, ಅಂತರಗಂಗೆಯ ಹಸಿರಿನ ನಡುವೆ ದೂರದಿಂದ ಕಾಣುತ್ತದೆ.

ಉಣಕಲ್ಲಿನಲ್ಲಿ ದಂಡೆಗೆ ಬಂದವರ ಮೊದಲ ಪ್ರಶ್ನೆ ಒಂದೇ ಇರುತ್ತದೆ. ಗಾಳ ಹಾಕಿಕೊಂಡು ಕೂತಿದ್ದ ಹಿರಿಯರೊಬ್ಬರು ಕೇಳಿದರು: ‘ಸರ, ಮೋಟ್ರ ಎಲ್ಲೈತ್ರಿ ಇದರಾಗ?’

‘ಮೋಟ್ರ ಇಲ್ರೀ ಅಜ್ಜಾರ, ಗಾಳಿ ಮ್ಯಾಲ ಹೊಕ್ಕೈತಿ.’

‘ಮತ್ತ ಗಾಳಿ ಆ ಕಡಿಂದ ಬರಾಕತ್ತೈತಿ, ದೋಣಿ ಆ ಕಡಿಗೇ ಹೊಂಟೈತಲ್ರಿ?’

ನೇರ ಎದುರಿಗೆ ಹೋಗುವುದಿಲ್ಲ, 45 ಡಿಗ್ರಿ ಓರೆಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಾ ಏರುತ್ತದೆ, ಹಾಯಿ ಅಡ್ಡಕ್ಕೆ ತಳ್ಳಿದ್ದನ್ನು ನೀರೊಳಗಿನ ಫಿನ್ನು ತಡೆಯುವುದರಿಂದ ಉಳಿದ ಬಲ ಮುಂದಕ್ಕೆ ಒಯ್ಯುತ್ತದೆ ಎಂದು ವಿವರಿಸಿದೆ. ಅವರು ಗಾಳ ಬದಿಗಿಟ್ಟು ದೋಣಿ ಹೊರಳುವುದನ್ನೇ ನೋಡುತ್ತಾ, ಬೀಸು ಬರುವ ಮೊದಲೇ ನೀರಿನ ಮೇಲೆ ಕಪ್ಪು ಸುಕ್ಕು ಎಲ್ಲಿ ಬಂತೆಂದು ಕೈ ತೋರಿಸತೊಡಗಿದರು. ಆ ನೀರಿನ ಗಾಳಿ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮೊದಲು ನೋಡಬೇಕಾದ್ದು ಚುಕ್ಕಾಣಿಯ ಸಮತೋಲ. ಓರೆಗಾಳಿಯಲ್ಲಿ ಚುಕ್ಕಾಣಿಯನ್ನು ನಡುವಿಗೆ ಬಿಟ್ಟರೆ ದೋಣಿ ನೇರ ಹೋಗಬೇಕು, ಜೋರು ಬೀಸಿಗೆ ಮಾತ್ರ ಮೆಲ್ಲಗೆ ಗಾಳಿಯ ಕಡೆ ಮೂತಿ ತಿರುಗಿಸಬೇಕು. ನನ್ನದು ಮೊದಲಿಗೆ ಸಾಕಷ್ಟು ಬಿರುಸಾಗಿ ತಿರುಗುತ್ತಿತ್ತು. ವಾಲಿದ ಫಿನ್ನಿನಿಂದ ನೀರಿನ ತಡೆಯ ಕೇಂದ್ರ ಎಲ್ಲಿ ಬೀಳುತ್ತದೆ ಎಂಬುದು ನಕ್ಷೆಯಲ್ಲಿ ಅಂದಾಜು ಮಾತ್ರ. ಇದಕ್ಕೆಂದೇ ಕಂಬದ ಬುಡಕ್ಕೆ 5 ಮಿ.ಮೀ. ಅಂತರದ ಮೂರು ಕುಳಿಗಳನ್ನು ಇಟ್ಟಿದ್ದೆ. ಮುಂದಿನ ಕುಳಿಗೆ ಸರಿಸಿ, ಹಿಂದಿನ ದಾರ ಸಡಿಲಿಸಿ ಕಂಬವನ್ನು ಕೂದಲೆಳೆಯಷ್ಟು ಮುಂದೆ ಬಾಗಿಸಿದ ಮೇಲೆ ನೇರ ಓಡಿತು.

ಸೆಕೆಂಡಿಗೆ 3 ಮೀಟರ್ ಗಾಳಿಯವರೆಗೆ, ಅಂದರೆ ಗಂಟೆಗೆ 11 ಕಿ.ಮೀ., ದೋಣಿ 30 ಡಿಗ್ರಿ ಆಸುಪಾಸಿನಲ್ಲಿ ವಾಲಿ ಹಾಯಾಗಿ ಏರುತ್ತದೆ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ 4 ಮೀಟರ್ ಆದಾಗ ವಾಲಿಸುವ ಬಲ ಸುಮಾರು 1.3 ನ್ಯೂಟನ್-ಮೀಟರಿಗೆ ಏರುತ್ತದೆ, ಸೀಸ ಕೊಡಬಲ್ಲದ್ದು 1.24. ಕೆರೆಯಲ್ಲೂ ಹಾಗೇ ಆಗುತ್ತದೆ: ಡೆಕ್ ಒದ್ದೆ, ಚುಕ್ಕಾಣಿ ಅರ್ಧ ಗಾಳಿಯಲ್ಲಿ, ದೋಣಿ ತಾನಾಗಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. ಬಲ್ಬು ದೊಡ್ಡದು ಮಾಡುವುದು ಇದಕ್ಕೆ ಮದ್ದಲ್ಲ. ಮಂದಗಾಳಿಯ ದಿನಗಳಲ್ಲೆಲ್ಲ ಆ ಭಾರ ಹೊರಬೇಕು.

ಅದಕ್ಕೆ ಎರಡನೇ ಜೊತೆ ಹಾಯಿ ಕಟ್ಟಿದೆ: 850 ಮಿ.ಮೀ. ಕಂಬ, 1600 ಚದರ ಸೆಂ.ಮೀ. ವಿಸ್ತೀರ್ಣ 0.71ಕ್ಕೆ ಇಳಿಯಿತು, ಎತ್ತರವೂ ಇಳಿಯಿತು, ಎರಡೂ ಸೇರಿ ವಾಲಿಸುವ ಬಲ 0.6ರ ಹತ್ತಿರ. ಇದರಿಂದ ತಡೆಯುವ ಗಾಳಿ 4ರಿಂದ 5 ಮೀಟರಿಗೆ ಏರಿತು. ಹಾಯಿ ಬದಲಿಸುವಾಗ ಮುಖ್ಯ ಹಾಯಿಯ ಬೂಮಿಗೆ ದಾರ ಕಟ್ಟುವ ಜಾಗ ಎರಡೂ ಜೊತೆಯಲ್ಲಿ ಕಂಬದಿಂದ ಅದೇ 100 ಮಿ.ಮೀ.ಗೆ ಇರಲಿ, ಸರ್ವೋ ಹೊಂದಾಣಿಕೆಯನ್ನು ಮುಟ್ಟಬೇಕಾಗುವುದಿಲ್ಲ. ಕೊಕ್ಕೆ ಬಿಚ್ಚಿ ಹಾಕಿದರೆ ಆಯಿತು. ಸಣ್ಣ ಕಂಬಕ್ಕೆ ಸರಿಹೋಗುವುದು ನಡುವಿನ ಕುಳಿ, ಮುಂದಿನದಲ್ಲ. ಮನೆಗೆ ಬಂದ ಮೇಲೆ ಡೆಕ್ಕಿನ ಬಾಯಿಗೆ ಅಂಟಿಸಿದ ವಿನೈಲ್ ಕಿತ್ತು, ಒಡಲನ್ನು ಬೋರಲು ಹಾಕಿ ರಾತ್ರಿಯಿಡೀ ಫ್ಯಾನಿನ ಕೆಳಗಿಡುತ್ತೇನೆ. ಎಂಜಿ996ಆರ್ ನೀರು ತಡೆಯುವ ಸರ್ವೋ ಅಲ್ಲ, ಅದರ ಜೋಡಣೆಗಳಿಗೆ ತೆಳುವಾಗಿ ಸಿಲಿಕಾನ್ ಗ್ರೀಸ್ ಹಚ್ಚಿದ್ದೇನೆ.